ಡೇರೆ ಗಡ್ಡೆಯ ಕಣ್ಣು ಎಲ್ಲಿರುತ್ತದೆ? – ಹಿತ್ತಿಲು ಪ್ರಶ್ನೋತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಡೇರೆಯವು. ಪೇಟೆಯವರಿಗೆ ಡೇರೆ ಎಂದರೆ ಟೆಂಟು. ಶಿರಸಿ, ಸಿದ್ದಾಪುರದ ಅಂಗಳದಲ್ಲಿ ಅದು ಡೇಲಿಯಾ ಹೂವು. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಡೇರೆಗೇ ಬಿಟ್ಟಿದ್ದೇವೆ. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಂದನ್ನು ಮಾತ್ರ ಆರಿಸಿಕೊಂಡಿದ್ದೇವೆ.

ಶಿರಸಿಯ ನೆಂಟರ ಮನೆಯಿಂದ ಮುಷ್ಟಿಗಾತ್ರದ ಹತ್ತು ಗಡ್ಡೆ ತಂದು ರೋಹಿಣಿ ಮಳೆಗೆ ನೆಟ್ಟೆವು. ಒಂದೂವರೆ ತಿಂಗಳಾಯಿತು, ಮೂರು ಮಾತ್ರ ಚಿಗುರಿವೆ. ಉಳಿದವನ್ನು ಕೆದಕಿ ನೋಡಿದರೆ ಕೊಳೆತಿಲ್ಲ, ಗಟ್ಟಿಯಾಗಿಯೇ ಇವೆ, ಬೇರನ್ನೂ ಬಿಟ್ಟಿವೆ. ಇನ್ನೆಷ್ಟು ದಿನ ಕಾಯಬೇಕು? – ಹೊನ್ನಾವರದ ಓದುಗರು

ಕಾಯಬೇಡಿ. ಆ ಏಳೂ ಕುರುಡು ಗಡ್ಡೆಗಳು, ಅಂದರೆ ಚಿಗುರೊಡೆಯುವ ಕಣ್ಣಿಲ್ಲದವು. ವರ್ಷವಿಡೀ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿರುತ್ತವೆ, ಬೇರು ಬಿಡುತ್ತವೆ, ಚಿಗುರು ಮಾತ್ರ ಕೊಡುವುದಿಲ್ಲ.

ಬಟಾಟೆ ನೆಲದೊಳಗಿನ ಕಾಂಡ, ಅದರ ಮೈಯೆಲ್ಲ ಕಣ್ಣು. ಶುಂಠಿ, ಅರಿಶಿನವೂ ಹಾಗೆಯೇ, ಎಲ್ಲಿ ಮುರಿದು ಹೂತರೂ ಎಲ್ಲೋ ಒಂದು ಕಡೆ ಮೊಳಕೆ ಬರುತ್ತದೆ. ಡೇರೆಯ ಗಡ್ಡೆ ಉಬ್ಬಿದ ಬೇರು. ಗೆಣಸೂ ಬೇರೇ, ಆದರೆ ಗೆಣಸಿಗೆ ಬೇರಿನ ಮೇಲೆಯೇ ಹೊಸ ಚಿಗುರು ಹುಟ್ಟಿಸುವ ಶಕ್ತಿ ಇದೆ, ಡೇರೆಗೆ ಇಲ್ಲ. ಅದರ ಕಣ್ಣುಗಳೆಲ್ಲ ಹಳೆಯ ಕಾಂಡ ಮತ್ತು ಗಡ್ಡೆಗಳು ಕೂಡುವ ಬೊಡ್ಡೆಯಲ್ಲಿ ಮಾತ್ರ ಇರುತ್ತವೆ.

ಒಂದು ಗಡ್ಡೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಕೆಳಗೆ ದಪ್ಪ ಹೊಟ್ಟೆ, ಮೇಲಕ್ಕೆ ಹೋದಂತೆ ಪೆನ್ಸಿಲಿನಷ್ಟು ಸಪೂರ ಕತ್ತು, ಕತ್ತಿನ ತುದಿಗೆ ಹಳೆಯ ಕಾಂಡದ ಒಂದು ಸೀಳು. ಆ ಸೀಳಿನ ಮೇಲೆ ಗುಂಡುಸೂಜಿಯ ತಲೆಯಷ್ಟು, ತುಸು ಕೆಂಪು ಅಥವಾ ಹಸಿರು ಛಾಯೆಯ ಉಬ್ಬು ಕಂಡರೆ ಅದೇ ಕಣ್ಣು. ಆ ಸೀಳೇ ಇಲ್ಲದೆ ಕತ್ತಿನಲ್ಲಿ ಮುರಿದು ಬಂದ ಗಡ್ಡೆ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ. ಸೀಳು ಇದ್ದು ಕತ್ತು ಉಳುಕಿದ್ದರೂ ಅದೇ ಗತಿ: ಗಡ್ಡೆಯನ್ನು ಮೆಲ್ಲಗೆ ಅಲುಗಿಸಿದಾಗ ಕತ್ತಿನಲ್ಲಿ ಸಿಪ್ಪೆ ನೆರಿಗೆಗಟ್ಟಿದರೆ ಒಳಗಿನ ನಾಳ ತುಂಡಾಗಿದೆ ಎಂದರ್ಥ. ಚಿಗುರಿಗೆ ಗಡ್ಡೆಯಿಂದ ಆಹಾರ ಏರುವುದಿಲ್ಲ.

ತಪ್ಪು ಆಗುವುದು ಬಹುಮಟ್ಟಿಗೆ ಕೀಳುವಾಗ. ಒಣಗಿದ ದಂಟನ್ನು ಹಿಡಿದು ಎಳೆದರೆ ಗಡ್ಡೆಗಳ ಭಾರವೆಲ್ಲ ಕತ್ತಿನ ಮೇಲೆ ಬಿದ್ದು ಲಟಕ್ಕೆನ್ನುತ್ತದೆ. ದಂಟನ್ನು ನಾಲ್ಕೈದು ಇಂಚು ಬಿಟ್ಟು ಕೊಯ್ದು, ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತ ಅಗೆದು, ಅಡಿಯಿಂದ ಹಾರೆ ಕೊಟ್ಟು ಮಣ್ಣುಸಮೇತ ಎತ್ತಬೇಕು. ನೆಂಟರಿಗೆ ಕೊಡುವಾಗ ಶುಂಠಿ ಮುರಿದಂತೆ ಒಂದೊಂದೇ ಗಡ್ಡೆ ಮುರಿದು ಕೊಡುವ ರೂಢಿ ಇದೆ. ಮುಂದಿನ ಸಲ ಗಡ್ಡೆ ಕೇಳಬೇಡಿ, ಇಡೀ ಬೊಡ್ಡೆ ಕೇಳಿ.

ಬೊಡ್ಡೆ ಸೀಳಿ ನೆಡುವುದು ಯಾವಾಗ, ಹೇಗೆ? ಕಳೆದ ವರ್ಷ ಕಣ್ಣು ನೋಡಿಯೇ ನೆಟ್ಟಿದ್ದೆವು. ಮೃಗಶಿರ ಮಳೆಗೆ ಅರ್ಧಕ್ಕರ್ಧ ಕೊಳೆತು ಹೋದವು. – ಶಿರಸಿ ತಾಲ್ಲೂಕಿನ ಓದುಗರು

ಗಡ್ಡೆ ತೆಗೆದ ಕೂಡಲೇ ಸೀಳಿದರೆ ಕಣ್ಣು ಕಾಣುವುದಿಲ್ಲ, ಅಂದಾಜಿನ ಮೇಲೆ ಕತ್ತಿ ಓಡಿಸಬೇಕಾಗುತ್ತದೆ. ಏಪ್ರಿಲ್ ನಡುವಿನವರೆಗೆ ಸುಮ್ಮನಿರಿ. ಆಮೇಲೆ ಇಡೀ ಬೊಡ್ಡೆಯನ್ನು ತೇವದ ಮರಳಿನ ಮೇಲೆ, ಕಾಂಡದ ಭಾಗ ಹೊರಗೆ ಕಾಣುವಂತೆ ಇಟ್ಟು, ಮಬ್ಬು ಬೆಳಕಿನ ಜಾಗದಲ್ಲಿ ದಿನಬಿಟ್ಟು ದಿನ ನೀರು ಚಿಮುಕಿಸಿ. ಹತ್ತು ಹದಿನೈದು ದಿನದಲ್ಲಿ ಕಣ್ಣುಗಳು ಜೋಳದ ಕಾಳಿನಷ್ಟು ಉಬ್ಬುತ್ತವೆ. ಆಗ ಸೀಳಿ.

ಮೊದಲು ಹಳೆಯ ಕಾಂಡದ ನಡುವೆಯೇ ಚಾಕು ಇಟ್ಟು ಬೊಡ್ಡೆಯನ್ನು ಎರಡು ಹೋಳು ಮಾಡಿ. ಈಗ ಒಳಗೆ ಯಾವ ಗಡ್ಡೆಗೆ ಯಾವ ಕಣ್ಣು ಎಂದು ಸ್ಪಷ್ಟವಾಗುತ್ತದೆ. ನಂತರ ಪ್ರತಿ ಹೋಳಿಗೂ ಒಂದು ಗಡ್ಡೆ, ಮುರಿಯದ ಕತ್ತು, ಕಣ್ಣಿರುವ ಬೊಡ್ಡೆಯ ಚೂರು ಸೇರುವಂತೆ ಬೇರ್ಪಡಿಸಿ. ಏಳೆಂಟು ಗಡ್ಡೆಯ ಬೊಡ್ಡೆಯಿಂದ ಮೂರು ನಾಲ್ಕು ಒಳ್ಳೆಯ ಹೋಳು ಸಿಕ್ಕರೆ ಅದೇ ಲಾಭ. ಎಂಟು ಗಡ್ಡೆಗೆ ಎಂಟು ಗಿಡ ಎಂಬ ಆಸೆಯಿಂದ ಕಣ್ಣನ್ನೇ ಸೀಳಿಬಿಡುವವರಿದ್ದಾರೆ. ಹೆಬ್ಬೆರಳಿನ ದಪ್ಪದ ಗಡ್ಡೆ ಸಾಕು. ತೀರ ಉದ್ದವಿದ್ದರೆ ಬಾಲದ ಮೂರನೇ ಒಂದು ಭಾಗ ಕೊಯ್ದು ಹಾಕಿದರೂ ನಷ್ಟವಿಲ್ಲ. ಒಂದು ಬೊಡ್ಡೆ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಅಥವಾ ಬೆಂಕಿಗೆ ಹಿಡಿಯಿರಿ.

ಕೊಯ್ದ ಗಾಯಕ್ಕೆ ಒಲೆಯ ಬೂದಿಯನ್ನು ತೆಳ್ಳಗೆ ಸವರಿ ನೆರಳಲ್ಲಿ ಎರಡು ಮೂರು ದಿನ ಬಿಡಿ. ಮುಟ್ಟಿದರೆ ಒಣ ಚರ್ಮದಂತಾಗಬೇಕು. ನಿಮ್ಮ ಗಡ್ಡೆ ಕೊಳೆತದ್ದು ಬಹುಶಃ ಇಲ್ಲೇ: ಹಸಿ ಗಾಯ, ಮೇಲೆ ಹಸಿ ಗೊಬ್ಬರ, ಅದರ ಮೇಲೆ ಮಳೆ.

ಕೊಟ್ಟೆಗಾಗಲಿ (ಗಿಡ ನೆಡುವ ಪ್ಲಾಸ್ಟಿಕ್ ಚೀಲ) ಕುಂಡಕ್ಕಾಗಲಿ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಸುಡುಮಣ್ಣು (ಇಲ್ಲದಿದ್ದರೆ ಹೊಳೆಮರಳು), ಒಂದು ಪಾಲು ವರ್ಷ ಹಳತಾದ ಕೊಟ್ಟಿಗೆ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಕೊಟ್ಟೆ ಅಥವಾ ಕುಂಡ ಕನಿಷ್ಠ ಹನ್ನೆರಡು ಇಂಚು ಅಗಲವಿರಲಿ. ಕೊಟ್ಟೆಯ ಅಡಿಗಷ್ಟೇ ಅಲ್ಲದೆ ಪಕ್ಕಕ್ಕೂ, ಬುಡದಿಂದ ಒಂದಿಂಚು ಮೇಲೆ, ಎಂಟು ಹತ್ತು ತೂತು ಮಾಡಿ. ಅಡಿಯ ತೂತು ಅಂಗಳದ ಕೆಸರಿಗೆ ಮುಚ್ಚಿಕೊಂಡಾಗ ಪಕ್ಕದವೇ ಕಾಯುವುದು. ನೆಲದಲ್ಲಿ ನೆಡುವುದಾದರೆ ಅರ್ಧ ಅಡಿ ಎತ್ತರದ ಏರುಮಡಿ, ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ. ಆಧಾರದ ಅಡಿಕೆ ದಬ್ಬೆಯನ್ನು ಮೊದಲು ಊರಿ, ಅದರ ಪಕ್ಕ ಗಡ್ಡೆಯನ್ನು ಕಣ್ಣು ಮೇಲೆ ಬರುವಂತೆ ಅಡ್ಡ ಮಲಗಿಸಿ. ದಬ್ಬೆಯನ್ನು ಆಗಸ್ಟಿನಲ್ಲಿ ಊರಲು ಹೋದರೆ ಅದು ನೇರ ಗಡ್ಡೆಯ ಹೊಟ್ಟೆಗೇ ಇಳಿಯುತ್ತದೆ. ಮೇ ತಿಂಗಳ ಒಣ ಮಣ್ಣಿಗೆ ಮೂರು ಇಂಚು ಆಳ, ಮಳೆ ಹಿಡಿದ ಮೇಲಾದರೆ ಎರಡೇ ಇಂಚು.

ನೆಟ್ಟ ಮೇಲೆ ನೀರು ಹಾಕುವ ಅವಸರ ಬೇಡ. ನೀರು ಹೀರುವ ಸಣ್ಣ ಬೇರುಗಳು ಹುಟ್ಟಿರುವುದಿಲ್ಲ, ಗಡ್ಡೆ ತನ್ನೊಳಗಿನ ನೀರಿನಿಂದಲೇ ಚಿಗುರುತ್ತದೆ. ಚಿಗುರು ಎರಡಿಂಚು ಆಗುವವರೆಗೆ ಕೊಟ್ಟೆಗಳನ್ನು ಜಗುಲಿಯ ಅಂಚಿನಲ್ಲಿಡಿ, ಸೂರಿನ ನೀರು ಬೀಳುವ ಗೆರೆಯಿಂದ ಒಳಗೆ. ಸೂರಿನ ನೀರಿನ ಕೆಳಗೆ ಇಟ್ಟದ್ದು ಒಂದು ರಾತ್ರಿಯ ಜಡಿಮಳೆಗೆ ಮುಗಿಯಿತು. ಗಿಡ ಒಂದು ಅಡಿ ಎತ್ತರವಾಗಿ ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಟಿಸಿಲು ಒಡೆಯುತ್ತದೆ.

ಚಿಗುರನ್ನು ರಾತ್ರೋರಾತ್ರಿ ಏನೋ ತಿಂದುಹಾಕುತ್ತದೆ, ಬೆಳಿಗ್ಗೆ ಮೊಂಡು ಮಾತ್ರ. – ಯಲ್ಲಾಪುರ

ಬಸವನಹುಳು. ಒದ್ದೆ ಗೋಣಿಯ ಅಡಿ ಪಪ್ಪಾಯಿ ಎಲೆ ಇಟ್ಟು, ಬೆಳಕು ಹರಿಯುವ ಮೊದಲು ಎತ್ತಿ, ಅಡಗಿದ್ದನ್ನು ಉಪ್ಪುನೀರಿಗೆ ಹಾಕಿ. ಮಳೆಗಾಲದಲ್ಲಿ ಬುಡದ ಸುತ್ತ ಬೂದಿ ಹಾಕುವುದು ವ್ಯರ್ಥ, ಒದ್ದೆಯಾದ ಬೂದಿಯ ಮೇಲೆ ಅವು ಸಲೀಸಾಗಿ ದಾಟುತ್ತವೆ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿ, ಕೋಳಿ ಇದ್ದ ಮನೆಯಲ್ಲಿ ಬೇಡ. ಬುಡದಲ್ಲಿ ಜೀವ ಉಳಿದಿದ್ದರೆ ಮೊಂಡಿನಿಂದ ಮತ್ತೆ ಚಿಗುರುತ್ತದೆ.

ಕುಡಿ ಕೊಯ್ದು ನೆಟ್ಟರೆ ಹತ್ತರಲ್ಲಿ ಆರು ಕೊಳೆಯುತ್ತವೆ. ಉಳಿದ ನಾಲ್ಕರಲ್ಲಿ ಚೆನ್ನಾಗಿ ಹೂ ಬರುತ್ತದೆ, ಗಡ್ಡೆಯೂ ಆಗುತ್ತದೆ, ಆದರೆ ಆ ಗಡ್ಡೆ ಮರುವರ್ಷ ಚಿಗುರುವುದಿಲ್ಲ. – ಸಿದ್ದಾಪುರದ ಓದುಗರು

ಇವು ಎರಡು ಬೇರೆ ಬೇರೆ ತೊಂದರೆಗಳು. ಎರಡನೆಯದು ಸ್ವಾರಸ್ಯದ್ದು, ಅದಕ್ಕೆ ಆಮೇಲೆ ಬರೋಣ.

ಕೊಳೆಯುವುದಕ್ಕೆ ಮುಖ್ಯ ಕಾರಣ ಕುಡಿಯ ಆಯ್ಕೆ. ಎತ್ತರ ಬೆಳೆದ ಗಿಡದ ದಂಟು ಬಿದಿರಿನಂತೆ ಒಳಗೆ ಟೊಳ್ಳು. ಅಂಥದ್ದನ್ನು ನೆಟ್ಟರೆ ಟೊಳ್ಳಿನಲ್ಲಿ ನೀರು ನಿಂತು ಒಳಗಿನಿಂದ ಕೊಳೆಯುತ್ತದೆ. ಬೊಡ್ಡೆಯಿಂದ ಏಳುವ ಹಿಳ್ಳು (ಎಳೆ ಚಿಗುರು) ಮೂರು ನಾಲ್ಕು ಇಂಚು ಇದ್ದು ಎರಡು ಮೂರು ಜೊತೆ ಎಲೆ ಬಿಟ್ಟಾಗ ತೆಗೆಯಿರಿ. ಕೊಯ್ದ ತುದಿ ನೋಡಿ: ತುಂಬಿದ್ದರೆ ನೆಡಿ, ತೂತು ಕಂಡರೆ ಎಸೆಯಿರಿ. ಕೊಯ್ಯುವಾಗ ತಾಯಿಗಿಡದಲ್ಲಿ ಕೆಳಗಿನ ಒಂದು ಜೊತೆ ಎಲೆ ಬಿಡಿ. ಆ ಎಲೆಗಳ ಕಂಕುಳಿಂದ ಎರಡು ವಾರದಲ್ಲಿ ಇನ್ನೆರಡು ಕುಡಿ ಏಳುತ್ತವೆ. ಹೀಗೆ ಒಂದೇ ಗಡ್ಡೆಯಿಂದ ಐದಾರು ಗಿಡ ಮಾಡಿ, ಕೊನೆಗೆ ಗಡ್ಡೆಯನ್ನೂ ಗಿಡವಾಗಿ ಬೆಳೆಸಬಹುದು. ಒಳ್ಳೆಯ ಬಣ್ಣದ ಡೇರೆ ಒಂದೇ ಒಂದು ಸಿಕ್ಕಿದ್ದರೆ ಸೀಳುವುದಕ್ಕಿಂತ ಇದೇ ಮೇಲು.

ಮಣ್ಣು, ಗೊಬ್ಬರ ಯಾವುದೂ ಬೇಡ. ತೊಳೆದ ಹೊಳೆಮರಳು ಮತ್ತು ತೊಳೆದ ತೆಂಗಿನ ನಾರಿನ ಪುಡಿ ಸಮಪಾಲು. ಸಮುದ್ರದ ಮರಳನ್ನು ಮುಟ್ಟಬೇಡಿ, ಅದರ ಉಪ್ಪು ಎಳೆಬೇರನ್ನು ಸುಡುತ್ತದೆ. ಕುಂಡದ ಅಂಚಿಗೆ ತಾಗಿದಂತೆ ಕಡ್ಡಿಯಿಂದ ಒಂದಿಂಚಿನ ತೂತು ಮಾಡಿ ಕುಡಿ ಇಳಿಸಿ. ಅಂಚಿನಲ್ಲಿ ಗಾಳಿಯೂ ನೀರಿನ ಬಸಿತವೂ ಹೆಚ್ಚು, ಬೇರು ಬೇಗ ಬರುತ್ತದೆ. ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಬೇರು ಬರಿಸುವ ಪುಡಿ ಇದ್ದರೆ ತುದಿಗೆ ಸವರಿ ಕೊಡವಿ. ಬುಡದ ಹಿಳ್ಳಾದರೆ ಪುಡಿ ಇಲ್ಲದೆಯೂ ಬೇರು ಬಿಡುತ್ತದೆ. ಮೇ ತಿಂಗಳ ಒಣ ಗಾಳಿಗೆ ಬುಡ ಕೊಯ್ದ ನೀರಿನ ಬಾಟಲಿಯನ್ನು ಮುಚ್ಚಳ ತೆಗೆದು ಕವುಚಿಡಿ. ಜೂನ್ ದಾಟಿದ ಮೇಲೆ ಬಾಟಲಿ ಬೇಡವೇ ಬೇಡ. ನಮ್ಮ ಮಳೆಗಾಲದ ಗಾಳಿಯೇ ಒದ್ದೆ ಬಟ್ಟೆ ಇದ್ದಂತೆ, ಅದರ ಮೇಲೆ ಬಾಟಲಿ ಮುಚ್ಚಿದರೆ ಬೂಸು ಬರುತ್ತದೆ. ಎರಡರಿಂದ ಮೂರು ವಾರದಲ್ಲಿ ನಡುವೆ ಹೊಸ ಎಲೆ ಕಂಡು, ಮೆಲ್ಲಗೆ ಎಳೆದಾಗ ಕುಡಿ ಬಿಗಿ ಹಿಡಿದರೆ ಬೇರು ಬಂದಿದೆ.

ಈಗ ಮರುವರ್ಷ ಚಿಗುರದ ಗಡ್ಡೆಯ ವಿಷಯ. ಕುಡಿಯನ್ನು ಎರಡು ಗೆಣ್ಣುಗಳ ನಡುವೆ ಕೊಯ್ದು ನೆಟ್ಟರೆ ಮಣ್ಣಿನೊಳಗೆ ಹೋಗುವ ಭಾಗದಲ್ಲಿ ಗೆಣ್ಣೇ ಇರುವುದಿಲ್ಲ. ಬೇರು ಬರುತ್ತದೆ, ಬೇರು ಗಡ್ಡೆಯೂ ಆಗುತ್ತದೆ, ಆದರೆ ಗಡ್ಡೆ ಕೂಡಿರುವ ಜಾಗದಲ್ಲಿ ಕಣ್ಣಿಲ್ಲ. ದಂಟು ಒಣಗಿದ ದಿನವೇ ಆ ಬೊಡ್ಡೆ ಕುರುಡು. ಗೆಣ್ಣಿನ ಸ್ವಲ್ಪ ಕೆಳಗೆ ಕೊಯ್ಯಿರಿ. ಆ ಗೆಣ್ಣಿನ ಎಲೆಗಳನ್ನು ತೆಗೆಯುವಾಗ ಕಿತ್ತು ಎಳೆಯದೆ ಬ್ಲೇಡಿನಿಂದ ತೊಟ್ಟಿನಲ್ಲಿ ಕತ್ತರಿಸಿ, ಕಂಕುಳಿನ ಪುಟ್ಟ ಮೊಗ್ಗು ಹಾಗೆಯೇ ಉಳಿಯಲಿ. ಆ ಗೆಣ್ಣು ಪೂರ್ತಿ ಮರಳೊಳಗೆ ಹೋಗಬೇಕು. ಇವತ್ತು ಹೂತ ಆ ಮೊಗ್ಗೇ ಮುಂದಿನ ಮೇ ತಿಂಗಳ ಕಣ್ಣು.

ಚೌತಿ ಮುಗಿದು ಹೂ ಕಡಿಮೆಯಾದ ಮೇಲೆ ಗಿಡ ಕಿತ್ತೆವು. ಬುಡದಲ್ಲಿ ದಾರದಂಥ ಬೇರು, ಕಿರುಬೆರಳಿನಷ್ಟು ಒಂದೆರಡು ಗಡ್ಡೆ ಅಷ್ಟೇ. ಗೊಬ್ಬರ ಸಾಲದೆ? – ಅಂಕೋಲಾ

ಗೊಬ್ಬರ ಸಾಕಾಗಿತ್ತು, ದಿನ ಸಾಲಲಿಲ್ಲ. ಹಗಲಿನ ಉದ್ದ ಹನ್ನೆರಡು ತಾಸಿಗಿಂತ ಕಡಿಮೆಯಾದ ಮೇಲೆಯೇ ಡೇರೆ ಗಡ್ಡೆ ತುಂಬುವ ಕೆಲಸಕ್ಕೆ ಜೋರಾಗಿ ಇಳಿಯುವುದು. ನಮ್ಮಲ್ಲಿ ಜೂನ್‌ನ ಹಗಲು ಸುಮಾರು 13 ತಾಸು, ಡಿಸೆಂಬರ್‌ನದ್ದು 11 ಕಾಲು ತಾಸು. ಸೆಪ್ಟೆಂಬರ್ ಕೊನೆಗೆ ಸಮನಾಗಿ, ಅಲ್ಲಿಂದ ಹಗಲು ಕುಗ್ಗುತ್ತದೆ. ಚೌತಿಗೆ ಕಿತ್ತರೆ ಗಡ್ಡೆ ತುಂಬುವ ಮೊದಲೇ ಕಿತ್ತಂತೆ.

ಹೂ ಮುಗಿದ ಟೊಂಗೆ ಮಾತ್ರ ಸವರಿ, ಹಸಿರೆಲೆ ಎಷ್ಟು ಸಾಧ್ಯವೋ ಅಷ್ಟು ಉಳಿಸಿ. ಹಸಿ ಸಗಣಿ ನೀರು, ಯೂರಿಯಾ ನಿಲ್ಲಿಸಿ, ಬುಡಕ್ಕೊಂದು ಹಿಡಿ ಬೂದಿ ಹಾಕಿ. ಯೂರಿಯಾ ಉಂಡ ಗಡ್ಡೆ ನೋಡಲು ದಪ್ಪ, ಇಟ್ಟರೆ ಕೊಳೆಯುತ್ತದೆ. ತುಳಸಿ ಮದುವೆ ಕಳೆದು, ಎಲೆ ತಾನಾಗಿ ಹಳದಿಯಾಗಿ ದಂಟು ಕಂದಾದ ಮೇಲೆ, ಡಿಸೆಂಬರ್ ಹೊತ್ತಿಗೆ ತೆಗೆಯಿರಿ.

ಘಟ್ಟದ ಮೇಲೆ ಗಡ್ಡೆ ವರ್ಷವಿಡೀ ನಿಲ್ಲುತ್ತದೆ. ನಮ್ಮಲ್ಲಿ ಅಟ್ಟದ ಮೇಲಿಟ್ಟರೆ ಏಪ್ರಿಲ್ ಹೊತ್ತಿಗೆ ಒಣ ಮೆಣಸಿನಕಾಯಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಕೊಳೆತ ಗಂಜಿ. – ಕಾರವಾರದ ಓದುಗರು

ಡೇರೆಯ ತವರು ಮೆಕ್ಸಿಕೊದ ಎತ್ತರದ ನಾಡು. ಅಲ್ಲಿಯೂ ಬೇಸಿಗೆಯ ತಿಂಗಳಲ್ಲಿ ಮಳೆ, ಚಳಿಗಾಲ ಒಣ. ಮಳೆಗೆ ಎದ್ದು, ಒಣಗಾಲಕ್ಕೆ ಗಡ್ಡೆಯಾಗಿ ಮಲಗುವುದು ಅದರ ಹುಟ್ಟುಗುಣ. ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿರುವ ಶಿರಸಿಯ ತಂಪು ರಾತ್ರಿ ಅದಕ್ಕೆ ಒಗ್ಗುತ್ತದೆ. ಕಾರವಾರದ ಮಾರ್ಚ್–ಏಪ್ರಿಲ್ ಸೆಖೆಯಲ್ಲಿ ಮಲಗಿದ ಗಡ್ಡೆಯೂ ಉಸಿರಾಡಿ ಸೊರಗುತ್ತದೆ. ಹೆಂಚಿನಡಿಯ ಅಟ್ಟ ಮನೆಯಲ್ಲೇ ಅತಿ ಬಿಸಿ ಜಾಗ, ಅದನ್ನು ಮರೆತುಬಿಡಿ.

ಸುಲಭದ ದಾರಿ: ಕುಂಡದಲ್ಲಿ ಬೆಳೆದದ್ದನ್ನು ತೆಗೆಯಲೇ ಬೇಡಿ. ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಿ, ದಂಟು ಒಣಗಿದ ಮೇಲೆ ಕೊಯ್ದು, ಕುಂಡವನ್ನು ಮನೆಯ ಉತ್ತರ ಬದಿಯ ನೆರಳಲ್ಲಿ ಅಡ್ಡ ಮಲಗಿಸಿ. ಇಲಿ ಬಾರದಂತೆ ಬಾಯಿಗೆ ತಂತಿಬಲೆ ಕಟ್ಟಿ. ತಿಂಗಳಿಗೊಮ್ಮೆ ಒಂದು ಲೋಟ ನೀರು ಚಿಮುಕಿಸಿದರೆ ಸಾಕು.

ನೆಲದಿಂದ ತೆಗೆದದ್ದಾದರೆ ಮೊದಲು ಬೊಡ್ಡೆಯನ್ನು ಒಂದು ವಾರ ತಲೆಕೆಳಗಾಗಿ ನೆರಳಲ್ಲಿಡಿ, ಟೊಳ್ಳು ದಂಟಿನಲ್ಲಿ ನಿಂತ ನೀರು ಇಳಿಯಬೇಕು. ಕೊಳೆ ಶುರುವಾಗುವುದು ಆ ನೀರಿನಿಂದಲೇ. ಹಿಂದಿನ ವರ್ಷ ಬಹಳ ಕೊಳೆತಿದ್ದರೆ ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್ ಕಲಸಿ ಹದಿನೈದು ನಿಮಿಷ ಅದ್ದಿ, ಮತ್ತೆ ಪೂರ್ತಿ ಆರಿಸಿ, ಕೈಗವಸು ಹಾಕಿಕೊಳ್ಳಿ. ನಂತರ ಬಿದಿರಿನ ಬುಟ್ಟಿ ಅಥವಾ ಮಣ್ಣಿನ ಮಡಕೆಯಲ್ಲಿ ಮರಳಿನ ಪದರಗಳ ನಡುವೆ ಒಂದಕ್ಕೊಂದು ತಾಗದಂತೆ ಜೋಡಿಸಿ, ತಂಪು ನೆಲದ ಮೂಲೆಯಲ್ಲಿಡಿ. ಮರಳಿನ ಹದ ಹೀಗೆ: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬಾರದು, ಅಂಗೈಗೆ ತಂಪು ಮಾತ್ರ ತಾಗಬೇಕು. ಬೂದಿಯನ್ನು ಗಾಯಕ್ಕೆ ಸವರಿ, ಬೂದಿಯಲ್ಲೇ ಹೂಳಬೇಡಿ. ಅದು ಗಡ್ಡೆಯ ನೀರನ್ನೆಲ್ಲ ಎಳೆದುಬಿಡುತ್ತದೆ. ತಿಂಗಳಿಗೊಮ್ಮೆ ಬಗೆದು ನೋಡಿ, ಮೆತ್ತಗಾದದ್ದನ್ನು ಗಟ್ಟಿ ಭಾಗದವರೆಗೆ ಕೊಯ್ದು ಹಾಕಿ, ಸುಕ್ಕಾದ ಕಡೆ ನೀರು ಚಿಮುಕಿಸಿ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಇನ್ನೊಂದು ಉಪಾಯ. ಜುಲೈನಲ್ಲಿ ಬೇರು ಬಂದ ಒಂದೆರಡು ಕುಡಿಗಳನ್ನು ಐದು ಇಂಚಿನ ಸಣ್ಣ ಕುಂಡದಲ್ಲೇ ಡಿಸೆಂಬರ್‌ವರೆಗೆ ಇಟ್ಟುಕೊಳ್ಳಿ. ಬೇರಿಗೆ ಜಾಗವಿಲ್ಲದೆ ಗಡ್ಡೆಗಳು ನೆಲ್ಲಿಕಾಯಿಯಷ್ಟೇ ಆಗುತ್ತವೆ, ಆದರೆ ಒತ್ತಾಗಿ, ಕತ್ತು ಮುರಿಯದ ಹಾಗೆ ಕೂಡಿರುತ್ತವೆ. ಆ ಕುಂಡವನ್ನು ಎಲ್ಲಿ ಬೇಕಾದರೂ ಎತ್ತಿಡಬಹುದು.

ಕಡುಗೆಂಪು ಡೇರೆಯ ಬೀಜ ಬಿತ್ತಿದರೆ ಹಳದಿ ಏಕಸುತ್ತಿನ ಹೂ ಬಂತು. ಬೀಜ ಬೆರಕೆಯೇ? – ಮುಂಡಗೋಡ

ಹೌದು, ಹುಟ್ಟಿನಿಂದಲೇ. ಗುಣಗಳನ್ನು ಹೊತ್ತೊಯ್ಯುವ ವರ್ಣತಂತುಗಳು ಹಲವು ಗಿಡಗಳಲ್ಲಿ ಎರಡೆರಡು ಪ್ರತಿ ಇದ್ದರೆ ತೋಟದ ಡೇರೆಯಲ್ಲಿ ಎಂಟೆಂಟು ಪ್ರತಿ, ಒಟ್ಟು 64. ಇಸ್ಪೀಟು ಕಲಸಿದಂತೆ ಪ್ರತಿ ಬೀಜವೂ ಹೊಸ ಎಲೆ. ಅದೇ ಬಣ್ಣ ಬೇಕೆಂದರೆ ಗಡ್ಡೆ ಇಲ್ಲವೇ ಕುಡಿ, ಹೊಸ ಬಣ್ಣದ ಕುತೂಹಲವಿದ್ದರೆ ಬೀಜ. ಮಳೆಗಾಲದ ಹೂವಿನ ಬೀಜ ತಲೆಯಲ್ಲೇ ಕೊಳೆಯುವುದರಿಂದ ನವೆಂಬರ್ ಹೂಗಳನ್ನು ಬೀಜಕ್ಕೆ ಬಿಡಿ. ಮೊಗ್ಗು ಯಾವುದು, ಬೀಜದ ತಲೆ ಯಾವುದು ಎಂಬ ಗೊಂದಲ ಬೇಡ: ಮೊಗ್ಗು ಗುಂಡಗೆ ಚಪ್ಪಟೆ, ಬೀಜದ ತಲೆ ಚೂಪು.

ಎಲೆಯ ನರದ ಪಕ್ಕ ಹಳದಿ ಪಟ್ಟಿ, ಗಿಡ ಗಿಡ್ಡ. ಇನ್ನೊಂದರ ಬುಡದಲ್ಲಿ ಹೂಕೋಸಿನಂಥ ಗಂಟು. ಇವುಗಳ ಗಡ್ಡೆ ಸೀಳಿ ನೆಡಬಹುದೆ? – ಕುಮಟಾ

ಎರಡನ್ನೂ ನೆಡಬೇಡಿ. ಮೊದಲನೆಯದು ಮೊಸಾಯಿಕ್ ನಂಜು (ವೈರಸ್). ಗಡ್ಡೆಯಲ್ಲೂ ಕುಡಿಯಲ್ಲೂ ಇರುತ್ತದೆ, ಯಾವ ಔಷಧಿಗೂ ಹೋಗುವುದಿಲ್ಲ, ಸಸ್ಯಹೇನು ಅದನ್ನು ಪಕ್ಕದ ಗಿಡಕ್ಕೆ ದಾಟಿಸುತ್ತದೆ. ಎರಡನೆಯದು ಮಣ್ಣಿನ ಬ್ಯಾಕ್ಟೀರಿಯಾ ಗಾಯದ ಮೂಲಕ ಹೊಕ್ಕು ಎಬ್ಬಿಸಿದ ಗಂಟು. ಅದರಲ್ಲಿ ಹತ್ತಾರು ಚಿಗುರು ಕಂಡು ಬಹಳ ಕಣ್ಣಿದೆ ಎಂದು ಮೋಸಹೋಗುವುದುಂಟು. ಗಿಡ ಸುಟ್ಟುಹಾಕಿ, ಗೊಬ್ಬರದ ಗುಂಡಿಗೆ ಎಸೆಯಬೇಡಿ. ಆ ಜಾಗದಲ್ಲಿ ಎರಡು ಮೂರು ವರ್ಷ ಡೇರೆ ಬೇಡ. ಎಲೆ ಹಳದಿಯಾದದ್ದೆಲ್ಲ ನಂಜಲ್ಲ, ಜಡಿಮಳೆಗೆ ಗೊಬ್ಬರ ತೊಳೆದುಹೋದರೂ ಹಳದಿಯಾಗುತ್ತದೆ. ಆದರೆ ಆಗ ಎಲೆ ಪೂರ್ತಿ ಒಂದೇ ಸಮ ಮಾಸುತ್ತದೆ, ಪಟ್ಟಿ ಕಾಣುವುದಿಲ್ಲ.

ಕೆಂಪಿಗೆ ಬಿಳಿ ತುದಿಯ ಡೇರೆ. ಈ ಸಲ ಒಂದು ಟೊಂಗೆಯಲ್ಲಿ ಬರೀ ಕೆಂಪು ಹೂ. ಬಿಳಿ ತುದಿ ಉಳಿಸಿಕೊಳ್ಳುವುದು ಹೇಗೆ? – ಶಿರಸಿ

ಎರಡು ಬಣ್ಣದ ಡೇರೆಗಳಲ್ಲಿ ಇದು ಮಾಮೂಲು, ಒಂದೇ ಬಣ್ಣಕ್ಕೆ ಮರಳುವ ಚಾಳಿ ಅವಕ್ಕಿದೆ. ಬರೀ ಕೆಂಪು ಬಿಟ್ಟ ಟೊಂಗೆಯನ್ನು ಬುಡದಲ್ಲೇ ಕೊಯ್ಯಿರಿ. ಬಿಳಿ ತುದಿಯ ಹೂ ಬಿಟ್ಟ ಟೊಂಗೆಗೆ ಈಗಲೇ ಬಣ್ಣದ ದಾರ ಕಟ್ಟಿ, ಅದರ ಎಲೆ ಕಂಕುಳಿನ ಎಳೆ ಟಿಸಿಲನ್ನು, ಟೊಳ್ಳಾಗುವ ಮೊದಲು, ಕುಡಿಯಾಗಿ ನೆಡಿ. ಗಡ್ಡೆ ತೆಗೆಯುವ ಹೊತ್ತಿಗೆ ಹೂ ಇರುವುದಿಲ್ಲ, ಯಾವುದು ಯಾವ ಬಣ್ಣ ಎಂದು ಹೇಳುವ ಗುರುತು ಗಡ್ಡೆಯ ಮೇಲೆ ಏನೂ ಇರದು. ಹೂ ಇರುವಾಗಲೇ ದಂಟಿನ ಬುಡಕ್ಕೆ ತಗಡಿನ ಚೂರೊಂದನ್ನು ಮೊಳೆಯಿಂದ ಗೀಚಿ ಬರೆದು ಕಟ್ಟಿ. ಪೆನ್ನಿನ ಶಾಯಿ ಆರಿದ್ರಾ ಮಳೆ ದಾಟುವುದಿಲ್ಲ.